ಮಿಸೆಸ್ ಗಾರ್ತ್ ಹೂಡಿದ ಕಳ್ಳತನ

ಮಾರ್ಚ್ ಐದು, ಗುರುವಾರ. ಬೆಳಿಗ್ಗೆ ಹನ್ನೊಂದೂವರೆಗೆ ವಾಲ್ಟರ್ ಗಾರ್ತ್ ಸೆಟ್ಲ್‌ಬೆಕ್ ಠಾಣೆಯ ಬಾಗಿಲು ತಳ್ಳಿಕೊಂಡು ಬಂದರು. ಎಪ್ಪತ್ತು ದಾಟಿದ ವಯಸ್ಸು. ಕೋಟಿನ ಗುಂಡಿಗಳು ಮೇಲೆ ಕೆಳಗಾಗಿದ್ದವು.

"ನನ್ನ ಹೆಂಡತಿ ಮನೆಗೆ ಬಂದಿಲ್ಲ" ಎಂದರು.

ಇನ್‌ಸ್ಪೆಕ್ಟರ್ ರೂತ್ ಆಲ್ಡರ್ಸನ್ ಅವರನ್ನು ಕೂರಿಸಿದರು. ಕಾನ್‌ಸ್ಟೇಬಲ್ ಕಾಲಮ್ ಫೆಲ್ ಏನೂ ಕೇಳದೆ ಚಹಾ ತಂದು, ಚೆಲ್ಲದಂತೆ ಲೋಟವನ್ನು ಅರ್ಧ ಮಾತ್ರ ತುಂಬಿಸಿ ಮುದುಕರ ಕೈಗಿತ್ತ.

"ಯಾವಾಗ ಹೊರಟರು?"

"ಆರು ಗಂಟೆಗೆ. ಶಾಲೆಯಲ್ಲಿ ಪಾಠ ಜೋಡಿಸಿಟ್ಟು ತಿಂಡಿ ಹೊತ್ತಿಗೆ ಬರ್ತೀನಿ ಅಂದ್ಲು. ಫೋನ್ ಎತ್ತುತ್ತಿಲ್ಲ."

"ಮನೇಲಿ ಏನಾದ್ರೂ ಮಾತು ಬಂತಾ?"

"ನಿನ್ನೆ ಸೂಪಿಗೆ ಉಪ್ಪು ಜಾಸ್ತಿ ಅಂದೆ. ನಲವತ್ತು ವರ್ಷದಿಂದ ಅದನ್ನೇ ಅಂತಿದೀನಿ ತಾಯೀ. ಇವತ್ತು ಹೊಸದಾಗಿ ಮನೆ ಬಿಡ್ತಾಳಾ?"

"ಔಷಧಿ ಏನಾದ್ರೂ ತಗೋತಾರಾ?"

"ರಕ್ತ ತೆಳು ಮಾಡೋ ಮಾತ್ರೆ. ಚಾಕು ತಾಗಿದ್ರೂ ಬೇಗ ನಿಲ್ಲಲ್ಲ."

ದೊಡ್ಡವರು ಅರ್ಧ ದಿನ ಕಾಣದಿದ್ದರೆ ಪೊಲೀಸರು ಸಾಮಾನ್ಯವಾಗಿ ಕಾಯುತ್ತಾರೆ. ರೂತ್ ದೂರು ದಾಖಲಿಸಿ ಕಾರಿನ ಬೀಗದ ಕೈ ಎತ್ತಿಕೊಂಡರು.

ಈನಿಡ್ ಗಾರ್ತ್ ಯಾರೆಂದು ಆ ಕಣಿವೆಯಲ್ಲಿ ಹೇಳಬೇಕಾಗಿರಲಿಲ್ಲ. ಮೂವತ್ತೈದು ವರ್ಷ ಪಾಠ ಹೇಳಿ ನಿವೃತ್ತರಾದ ಮೇಲೆ, ಅಡುಗೆಮನೆಯ ಮೇಜಿನ ಮೇಲೆ ಬೇರೆ ಟೀಚರುಗಳಿಗಾಗಿ ಪಾಠದ ಪೆಟ್ಟಿಗೆಗಳನ್ನು ಮಾಡುತ್ತಿದ್ದರು. ತೆರೆದರೆ ಪಾಠ ಸಿದ್ಧ. ಮಕ್ಕಳ ಕೈಗೆ ಕೊಡುವ ಚೀಟಿಗಳು, ತೋರಿಸುವ ವಸ್ತುಗಳು, ಟೀಚರ್ ಯಾವ ಮಾತನ್ನು ಮೊದಲು ಆಡಬೇಕು, ಯಾವುದನ್ನು ಆಮೇಲೆ ಎಂಬುದು ಕೂಡ. ಪ್ಲಾಸ್ಟಿಕ್ ಹೊದಿಸಿದ ಚೀಟಿಗಳ ಚೂಪು ಮೂಲೆಗಳನ್ನು ಎಳೆಯ ಬೆರಳಿಗೆ ಚುಚ್ಚದಂತೆ ಒಂದೊಂದಾಗಿ ಕತ್ತರಿಸಿ ದುಂಡಗೆ ಮಾಡಿರುತ್ತಿದ್ದರು. ಫೆಲ್ ಕೂಡ ಅವರ ಕೈಯಲ್ಲೇ ಓದು ಕಲಿತವನು.

ಹೈ ಫೋಲ್ಡ್ ಶಾಲೆಯ ನಾಲ್ಕನೇ ತರಗತಿಯ ಬಾಗಿಲು ತೆರೆದಾಗ ಫೆಲ್‌ನ ಕೈ ತಾನಾಗಿಯೇ ವೈರ್‌ಲೆಸ್ ಕಡೆಗೆ ಹೋಯಿತು. ಕುರ್ಚಿಗಳು ಉರುಳಿದ್ದವು. ಪೊಲೀಸರು ಕಟ್ಟುವಂಥ ಹಳದಿ ಪಟ್ಟಿ ಕಟ್ಟಿತ್ತು. ನೆಲದ ಮೇಲೆ ಅಲ್ಲಲ್ಲಿ ಕೆಂಪು.

"ಹೆದರ್ಕೋಬೇಡಿ, ಜ್ಯಾಮ್" ಎಂದಳು ತರಗತಿಯ ಟೀಚರ್ ಬೆಥನಿ ಕೋಲ್. ವಯಸ್ಸು ಇಪ್ಪತ್ತಾರು. "ಜ್ಯಾಮ್ ಕಳ್ಳನನ್ನ ಹಿಡಿಯೋ ಪಾಠ. ಮಕ್ಕಳು ಕುರುಹು ಹುಡುಕಿ ವರದಿ ಬರೀಬೇಕು."

"ಮಿಸೆಸ್ ಗಾರ್ತ್ ಎಷ್ಟು ಹೊತ್ತಿಗೆ ಹೊರಟರು?"

"ನಾನು ಬಂದಾಗ ಇರ್ಲಿಲ್ಲ. ಎಲ್ಲಾ ಹೂಡಿಟ್ಟು ಹೋಗಿದ್ರು."

"ಹೀಗೇ ಇತ್ತಾ?"

"ಹೀಗೇ."

ಹಿಂದೆ ನಿಂತಿದ್ದ ಮುಖ್ಯೋಪಾಧ್ಯಾಯರು ಹಿಗ್ಗಿ ಹೋಗಿದ್ದರು. ಆ ಬೆಳಿಗ್ಗೆಯೇ ಇಬ್ಬರು ಮೌಲ್ಯಮಾಪಕರು ಬಂದು, ಈ ಕೋಣೆಯ ಹಿಂಬದಿ ಕೂತು ಇಡೀ ಪಾಠ ನೋಡಿ, ಈ ವರ್ಷ ಕಂಡ ಅತ್ಯುತ್ತಮ ಪಾಠ ಎಂದು ಹೊಗಳಿ ಹತ್ತೂವರೆಗೆ ಹೋಗಿದ್ದರು.

ಹೊರಗೆ ಹೋಗಿದ್ದ ಫೆಲ್ ಓಡಿ ಬಂದ. "ಮೇಡಂ, ಅವರ ಕಾರು ಹಿಂದಿನ ಓಣಿಯಲ್ಲೇ ಇದೆ. ಬೀಗ ಹಾಕಿದೆ."

ಬಂದಿದ್ದರು. ಹೋಗಿರಲಿಲ್ಲ. ರೂತ್ ಆಂಬ್ಯುಲೆನ್ಸ್ ಕರೆಸಿ ನಿಲ್ಲಿಸಿಕೊಂಡರು. ಶೌಚಾಲಯ, ಅಡುಗೆಕೋಣೆ, ಕೋಟು ತೂಗುಹಾಕುವ ಪಡಸಾಲೆ, ಎಲ್ಲ ನೋಡಿದ್ದಾಯಿತು. ಕಟ್ಟಡದೊಳಗೆ ಎಲ್ಲೂ ಇಲ್ಲ.

ಮಕ್ಕಳು ಊಟದ ಹಾಲ್‌ನಲ್ಲಿದ್ದರು. ರೂತ್ ಅಡುಗೆಯವಳನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ನಾಲ್ಕನೇ ತರಗತಿಯವರ ಬೆಂಚಿನ ತುದಿಯಲ್ಲಿ ಕೂತರು. ಎದುರಿಗಿದ್ದ ಹುಡುಗಿಯ ಹೆಸರು ಮೇಸಿ.

"ನೀವು ನಿಜವಾದ ಪೊಲೀಸಾ?"

ರೂತ್ ಬಿಲ್ಲೆ ತೋರಿಸಿದರು.

"ನಮ್ಮ ಪೆಟ್ಟಿಗೇಲಿರೋದು ಇದಕ್ಕಿಂತ ಹೊಳೆಯುತ್ತೆ."

"ಇರಬಹುದು ಪುಟ್ಟಿ. ಎಷ್ಟು ಕಲೆ ಸಿಕ್ಕಿತು ನಿಮಗೆ?"

"ಏಳು. ನೆಕ್ಕಿ ನೋಡಿದ್ವಿ. ರಾಸ್ಪ್‌ಬೆರಿ!"

"ಏಳನ್ನೂ ನೆಕ್ಕಿದ್ರಾ?"

"ಆರೇ. ಕಿಟಕಿ ಹತ್ರದ್ದಕ್ಕೆ ಮಿಸ್ ಬಿಡ್ಲಿಲ್ಲ. ಅದರ ಮೇಲೆ ಚಾಪೆ ಹಾಕಿದ್ರು. ಅಂಚಲ್ಲಿ ಸ್ವಲ್ಪ ಕಾಣ್ತಿತ್ತು. ಮಿಸ್ ಅದರ ಮೇಲೇ ನಿಂತ್ಕೊಂಡ್ರು."

"ಎಷ್ಟು ಹೊತ್ತು?"

"ಪಾಠ ಮುಗಿಯೋ ತನಕ. ಅಲ್ಲಾಡಲೇ ಇಲ್ಲ." ಮೇಸಿ ಬಟಾಣಿ ನುಂಗಿ ಮುಂದುವರಿಸಿದಳು. "ಓದೋ ಮೂಲೆಯ ನೀಲಿ ದಿಂಬೂ ಕಾಣಿಸ್ತಿಲ್ಲ. ಅದನ್ನೂ ಜ್ಯಾಮ್ ಕಳ್ಳನೇ ಕದ್ದನಾ?"

ರೂತ್ ಎದ್ದರು.

ಬೆಥನಿ ಇನ್ನೂ ತರಗತಿಯಲ್ಲೇ ಇದ್ದಳು, ಚಾಪೆಯಿಂದ ಎರಡು ಹೆಜ್ಜೆ ದೂರದಲ್ಲಿ. ರೂತ್ ಮೊಣಕಾಲೂರಿ ಚಾಪೆ ಎತ್ತಿದರು. ಕೆಳಗಿನ ಕಲೆಯ ಅಂಚು ಕಂದಾಗಿ ಒಣಗಿತ್ತು. ಹಣ್ಣಿನ ವಾಸನೆಯಿರಲಿಲ್ಲ.

"ಎಲ್ಲಾ ಜ್ಯಾಮ್ ಅಂತ ನೀವು ನಂಬಿದ್ರೆ, ಇದೊಂದನ್ನ ಯಾಕೆ ಮುಚ್ಚಿದ್ರಿ?"

ಬೆಥನಿ ಹಿಂದೆ ಸರಿದಳು. ರೂತ್ ಎದ್ದು ಅವಳ ಎದುರು ನಿಂತರು.

"ಅವರು ರಕ್ತ ತೆಳು ಮಾಡೋ ಮಾತ್ರೆ ತಗೋತಾರೆ. ರಕ್ತ ಇನ್ನೂ ನಿಂತಿರಲ್ಲ. ಎಲ್ಲಿದ್ದಾರೆ?"

"ಮಕ್ಕಳು ನೆಕ್ಕಿಬಿಡ್ತಿದ್ರು" ಎಂದಳು ಬೆಥನಿ. ಮೊದಲ ಪ್ರಶ್ನೆಗೆ ಈಗ ಉತ್ತರ ಬರುತ್ತಿತ್ತು. "ಬೆರಳು ಅದ್ದಿ ಅದ್ದಿ ನೆಕ್ತಿದ್ರು. ಅದನ್ನ ಹೇಗೆ ಬಿಡ್ಲಿ?"

"ಬೆಥನಿ. ಎಲ್ಲಿ?"

ಅವಳು ಸ್ವೆಟರ್ ಜೇಬಿನಿಂದ ಬೀಗದ ಕೈ ತೆಗೆದಳು. "ಆಟದ ಸಾಮಾನಿನ ಕೋಣೆ. ಮೈದಾನದ ಆಚೆ."

ಫೆಲ್ ಅದನ್ನು ಕಸಿದುಕೊಂಡು ಓಡಿದ. ರೂತ್ ಹಿಂದೆಯೇ ಓಡಿದರು.

ಬಾಗಿಲು ತೆರೆದಾಗ ಒಳಗೆ ಕತ್ತಲೆ, ರಬ್ಬರಿನ ವಾಸನೆ. ಜಿಗಿತಕ್ಕೆ ಹಾಸುವ ಚಾಪೆಗಳ ಮೇಲೆ ಈನಿಡ್ ಗಾರ್ತ್ ಮಲಗಿದ್ದರು. ಮೈಮೇಲೆ ಬೆಥನಿಯ ಉಣ್ಣೆ ಕೋಟು. ತಲೆಗೆ ಸುತ್ತಿದ ಟವೆಲ್ ತೊಯ್ದು ಕಪ್ಪಾಗಿತ್ತು. ತಲೆಯ ಕೆಳಗೆ ನೀಲಿ ದಿಂಬು.

ಫೆಲ್ ನಾಡಿ ಹಿಡಿದ. ಬಹಳ ಹೊತ್ತು ಹಿಡಿದೇ ಇದ್ದ.

"ಇದೆ ಮೇಡಂ. ಸಣ್ಣಗೆ." ಮತ್ತೆ ಬಗ್ಗಿದ. "ಮಿಸ್? ನಾನು ಕಾಲಮ್, ಮಿಸ್. ಕಾಲಮ್ ಫೆಲ್."

ಕಣ್ಣು ಒಂದು ಗೆರೆಯಷ್ಟು ತೆರೆಯಿತು.

"ಅಳ್ಬೇಡ ಕಾಲಮ್" ಎಂದರು ಈನಿಡ್. "ಮೂಗು ಒರೆಸ್ಕೋ."

ಆಂಬ್ಯುಲೆನ್ಸ್ ಹೊರಟ ಮೇಲೆ ಸ್ಥಳ ಮಹಜರು ನಡೆಯಿತು. ಕಿಟಕಿಯ ಕೆಳಗಿನ ಕಬ್ಬಿಣದ ಹೀಟರಿನ ಅಂಚಿನಲ್ಲಿ ಬಿಳಿ ಕೂದಲು ಸಿಕ್ಕಿತು. ಕುರ್ಚಿ ಸಾಗಿಸುವ ಕೈಗಾಡಿಯ ಮೇಲೂ ರಕ್ತವಿತ್ತು. ಮಧ್ಯಾಹ್ನ ಒಂದೂವರೆಗೆ ಬೆಥನಿ ಕೋಲ್‌ಳ ಬಂಧನವಾಯಿತು. ಮಕ್ಕಳಿಗೆ ಕಾಣದಿರಲೆಂದು ರೂತ್ ಅವಳನ್ನು ಅಡುಗೆಕೋಣೆಯ ಬಾಗಿಲಿನಿಂದ ಕರೆದುಕೊಂಡು ಹೋದರು. ಕೈಕೋಳ ಹಾಕಲಿಲ್ಲ.

ಸಂಜೆ, ವಕೀಲೆಯ ಎದುರು, ಅವಳು ಹೇಳಿಕೆ ಕೊಟ್ಟಳು. ಕೆಲಸಕ್ಕೆ ಸೇರಿ ಇದು ಮೂರನೇ ವರ್ಷ. ಪಾಠ ಚೆನ್ನಾಗಿಲ್ಲವೆಂದು ಎರಡು ಸಲ ಎಚ್ಚರಿಕೆ ಬಂದಿತ್ತು. ಮೂರನೆಯದು ಬಂದರೆ ಕೆಲಸವಿಲ್ಲ. ಹಿಂದಿನ ಸಾಲಿನಲ್ಲಿ ದೊಡ್ಡವರು ಕೂತರೆ ನಾಲಿಗೆ ಒಣಗುತ್ತಿತ್ತು. ಮೆಚ್ಚುಗೆ ಪಡೆದ ಪಾಠಗಳೆಲ್ಲ ಈನಿಡ್ ಅವರ ಪೆಟ್ಟಿಗೆಯಿಂದ ಬಂದವು.

"ಇವತ್ತು ಬೆಳಿಗ್ಗೆ ಅಂದ್ರು, ಇದೇ ಕೊನೇ ಪೆಟ್ಟಿಗೆ, ಇನ್ಮೇಲೆ ಕೊಡಲ್ಲ ಅಂತ. ಹಾಗನ್ಬೇಡಿ ಅಂದೆ. ಹೊರಡೋಕೆ ತಿರುಗಿದ್ರು, ಚೀಲ ಹಿಡಿದು ಎಳೆದೆ. ಬಿದ್ದುಬಿಟ್ರು."

"ಸತ್ತಿದ್ದಾರೆ ಅಂದ್ಕೊಂಡ್ರಾ?"

"ಹೂಂ."

"ಸತ್ತವರ ತಲೆಗೆ ದಿಂಬು ಯಾಕೆ?"

ಬೆಥನಿ ಮುಖ ಮುಚ್ಚಿಕೊಂಡಳು. ವಕೀಲೆ ಏನೋ ಹೇಳಲು ಹೊರಟರು. ಅವಳೇ ತಡೆದಳು.

"ಇಲ್ಲ. ಉಸಿರಿತ್ತು. ಆಂಬ್ಯುಲೆನ್ಸ್ ಬಂದ್ರೆ ಪಾಠ ನಿಂತುಹೋಗುತ್ತೆ ಅನ್ನಿಸ್ತು. ಹತ್ತೂವರೆ ಆಗ್ಲಿ, ಮೌಲ್ಯಮಾಪಕರು ಹೋದ ತಕ್ಷಣ ಕರೀತೀನಿ ಅಂದ್ಕೊಂಡೆ. ಹತ್ತೂವರೆ ಆಯ್ತು. ಇಷ್ಟು ಹೊತ್ತು ಯಾಕೆ ಕರೀಲಿಲ್ಲ ಅಂತ ಕೇಳಿದ್ರೆ ಏನು ಹೇಳಲಿ ಅಂತ ತಿಳೀಲಿಲ್ಲ."

ಶುಕ್ರವಾರ ಬೆಳಿಗ್ಗೆ ರೂತ್ ಆಸ್ಪತ್ರೆಗೆ ಹೋದರು. ಈನಿಡ್ ತಲೆಗೆ ಹದಿನಾಲ್ಕು ಹೊಲಿಗೆ. ಪಕ್ಕದಲ್ಲಿ ವಾಲ್ಟರ್ ಆಸ್ಪತ್ರೆಯ ಸೂಪಿಗೆ ಉಪ್ಪು ಸಾಲದೆಂದು ಗೊಣಗುತ್ತಿದ್ದರು.

"ಪೆಟ್ಟಿಗೆ ಕೊಡಲ್ಲ ಅಂದಿದ್ದು ಯಾಕೆ ಮಿಸೆಸ್ ಗಾರ್ತ್?"

ಈನಿಡ್ ದಿಂಬಿಗೆ ಒರಗಿಕೊಂಡರು.

"ಹೋದ ತಿಂಗಳು ಪೆಟ್ಟಿಗೆ ಕೊಡೋಕೆ ಹೋಗಿದ್ದೆ. ಹಿಮ ಬಿದ್ದಿತ್ತು. ಆ ಹುಡುಗಿ ಮಕ್ಕಳನ್ನ ಮೈದಾನಕ್ಕೆ ಕರ್ಕೊಂಡು ಹೋಗಿ, ಹೊಟ್ಟೆ ಮೇಲೆ ಮಲಗಿಸಿ ಹಕ್ಕಿ ಹೆಜ್ಜೆ ತೋರಿಸ್ತಿದ್ಲು. ತಾನೂ ಮಲಗಿದ್ಲು. ನಾನು ಬೇಲಿ ಆಚೆ ನಿಂತು, ಕಾಲು ಮರಗಟ್ಟೋ ತನಕ ನೋಡಿದೆ. ನನ್ನ ಯಾವ ಪೆಟ್ಟಿಗೇಲೂ ಅಂಥ ಪಾಠ ಇಲ್ಲ. ನಿನಗೆ ನನ್ನ ಪೆಟ್ಟಿಗೆ ಬೇಡಮ್ಮಾ ಅಂತ ಹೇಳೋಣ ಅಂತಲೇ ಬಾಯಿ ತೆಗೆದೆ. ಕೊನೇ ಪೆಟ್ಟಿಗೆ ಅನ್ನೋದು ಮೊದಲು ಬಂದುಬಿಡ್ತು. ಯಾವುದನ್ನ ಮೊದಲು ಹೇಳಬೇಕು ಅಂತ ಊರಿಗೆಲ್ಲ ಬರೆದುಕೊಟ್ಟವಳು ನಾನು."

ಈ ಮಾತು ಕಾನೂನಿಗೆ ಬೇಕಿರಲಿಲ್ಲ. ರೂತ್ ಅದನ್ನೂ ಹೇಳಿಕೆಯಲ್ಲಿ ಬರೆದುಕೊಂಡರು. ಮಧ್ಯಾಹ್ನ ಬೆಥನಿಯನ್ನು ನ್ಯಾಯಾಲಯಕ್ಕೆ ಕರೆದೊಯ್ಯುವ ಮೊದಲು, ವಕೀಲೆಯ ಎದುರಿನಲ್ಲಿ, ಹೇಳಿಕೆಯನ್ನು ಪೂರ್ತಿ ಓದಿ ಹೇಳಿದರು.

ಬೆಥನಿ ತಲೆ ಎತ್ತಲಿಲ್ಲ. ಗಾಡಿ ಬಂತೆಂದು ಫೆಲ್ ಬಾಗಿಲಲ್ಲಿ ನಿಂತಾಗ ಒಂದೇ ಮಾತು ಕೇಳಿದಳು.

"ಆ ಹಿಮದ ದಿನ ಅವರು ನೋಡ್ತಿದ್ರಾ?"

"ಹೂಂ" ಎಂದರು ರೂತ್. "ಕೊನೇ ತನಕ."