ಹಿಂದಿನ ಬಲಚಕ್ರ

ನಾನು ಬಸವಂತ. ಕುವೈತಿನ ಒಂದು ಗ್ಯಾರೇಜಿನಲ್ಲಿ ವೀಲ್ ಅಲೈನ್‌ಮೆಂಟ್ ಮಾಡುತ್ತೇನೆ. ದೆವ್ವಗಿವ್ವ ನಂಬುವವನಲ್ಲ, ಆದರೆ ಆಸ್ಟಿನ್‌ನ ಕಾರು ನೆನೆದರೆ ಈಗಲೂ ತಲೆ ಕೆಡುತ್ತದೆ.

ಆಸ್ಟಿನ್ ನಮ್ಮ ಬಿಲ್ಡಿಂಗಿನವನೇ, ಮಂಗಳೂರು ಕಡೆಯವನು. ಅವನು ಕೊಂಡ ಸೆಕೆಂಡ್ ಹ್ಯಾಂಡ್ ಕಾರಿನ ಹಿಂದಿನ ಬಲಚಕ್ರ ಒಳಕ್ಕೆ ವಾಲಿ ಟೈರು ಸವೆಸುತ್ತಿತ್ತು. ಕಂಪನಿಯದಲ್ಲದ, ಉದ್ದ ಹೆಚ್ಚುಕಮ್ಮಿ ಮಾಡಬಹುದಾದ, ಚಕ್ರವನ್ನು ಹಿಡಿದಿಡುವ ಆರ್ಮ್ ತರಿಸಿ ಹಾಕಿದೆ. ಸ್ಪ್ರಿಂಗೂ ಬದಲಿಸಿದೆ. ಬೋಲ್ಟ್ ಬಿಗಿದು ತಿರುಗಿದರೆ ಅಲೈನ್‌ಮೆಂಟ್ ಯಂತ್ರದ ಪರದೆಯ ಮೇಲೆ ಅಳತೆ ಮತ್ತೆ ಕೆಂಪು. ಹಿಂದಿನ ಸೀಟಿನಲ್ಲಿ ಯಾರಾದರೂ ಕೂತರೆ ತೋರಿಸುವಂಥ ಅಳತೆ.

"ಎಂತ ಮಾರಾಯ, ಇವತ್ತಾದ್ರೂ ಆಗ್ತದಾ ಇದು?" ಅಂದ ಆಸ್ಟಿನ್.

ಆಗಸ್ಟ್ ಮಧ್ಯಾಹ್ನ, ಎಸಿ ಬಂದ್. ಒಳಗೆ ಕೈಯಿಟ್ಟು ನೋಡಿದೆ. ಮುಂದಿನ ಸೀಟು ಕೆಂಡ. ಹಿಂದಿನ ಬಲಸೀಟು ತಣ್ಣಗಿತ್ತು, ನಡುವೆ ತಗ್ಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

"ಗಾಡಿ ಖಾಲಿ ಇರಬೇಕ್ರಿ. ಹಿಂದ ಯಾರ್ ಕುಂತೀರಿ, ಇಳೀರಿ ಮೊದ್ಲ. ಯಲ್ಲಾ, ಖಲಾಸ್, ಹೋಗಿ ಬರ್ರಿ." ಇಲ್ಲಿಯ ಅರಬ್ಬಿಯನ್ನೂ ಬೆರೆಸಿ ಖಾಲಿ ಸೀಟಿಗೇ ಗದರಿದೆ.

ಕಾರು ಒಮ್ಮೆ ಅಲುಗಿ ಚೂರು ಮೇಲೆದ್ದಿತು. ಬಾಗಿಲು ತೆರೆದಿರಲಿಲ್ಲ. ಪರದೆ ಹಸಿರಾಯಿತು.

ಆಸ್ಟಿನ್‌ನ ಕಾರು ಅವತ್ತಿನಿಂದ ಸರಿಯಾಗಿಯೇ ಇದೆ. ನಮ್ಮ ಬಿಜಾಪುರ ಕಡೆ ಯಾರನ್ನೂ ಬರೀ 'ಹೋಗ್ರಿ' ಅಂದು ಕಳಿಸುವ ರೂಢಿಯಿಲ್ಲ. ಅಷ್ಟು ಸಿಟ್ಟಿನಲ್ಲೂ ಈ ಹಾಳು ಬಾಯಿಗೆ ಬಂದದ್ದು 'ಹೋಗಿ ಬರ್ರಿ'.

ಈಗ ನನ್ನ ಕಾರಿನ ಹಿಂದಿನ ಬಲಟೈರು ಒಳಗಡೆ ಸವೆಯುತ್ತಿದೆ. ಆ ಕಾರಿನಲ್ಲಿ ಓಡಾಡುವವನು ನಾನೊಬ್ಬನೇ.