ಮುಂದಿನ ಟಗರಿನ ಗಂಟೆ

“ಬಿಡ್ರಿ ಕಾಕಾ! ಇದು ಮುಂದಿನ ಟಗರು ಅದರಿ. ಇದನ್ನ ಕೊಯ್ಯಬಾರದು!”

ಹಗ್ಗದ ಒಂದು ತುದಿ ಹಿಡಿದು ಪುಟ್ಟ ಹುಡುಗಿ ಮೋನಮ್ಮ ಜಗ್ಗುತ್ತಿದ್ದಳು. ಇನ್ನೊಂದು ತುದಿ ಚಪರಾಸಿ ಯಂಕಪ್ಪನ ಕೈಯಲ್ಲಿತ್ತು. ನಡುವೆ ಸಿಕ್ಕ ಟಗರಿನ ಕೊರಳ ಗಂಟೆ ಠಣ್ ಠಣ್ ಎನ್ನುತ್ತಿತ್ತು.

“ಮಂತ್ರಿ ಸಾಹೇಬ್ರ ಊಟಕ್ಕ ಕುರಿ ಕೊಡೂದು ಈ ಸಲ ನಿಮ್ಮ ಮನಿ ಪಾಳಿ. ಹಟ್ಟ್ಯಾಗ ಇದೇ ದಪ್ಪ ಕಾಣ್ತು, ತಂದೆ” ಎಂದ ಯಂಕಪ್ಪ.

ಪೇಟೆಯಿಂದ ಬಂದವನು, ಪಾಪ! ಅವನಿಗೆ ಎಲ್ಲ ಕುರಿಯೂ ಒಂದೇ. ಕುರುಬರ ಮನೆಯಲ್ಲಿ ಬೀರಪ್ಪ ದೇವರ ಹೆಸರಿನಲ್ಲಿ ಒಂದು ಟಗರಿಗೆ ಗಂಟೆ ಕಟ್ಟುತ್ತಾರೆ. ಅದನ್ನು ಮಾರುವುದಿಲ್ಲ, ಕಡಿಯುವುದಿಲ್ಲ. ಇಡೀ ಹಿಂಡು ಅದರ ಹಿಂದೆಯೇ ನಡೆಯುತ್ತದೆ. ನಾಳೆ ಹಿಂಡು ಹಳ್ಳ ದಾಟಿ ಕಂಗ್ಟಿ ಊರಿನ ಕಡೆ ಮೇವಿಗೆ ಹೋಗಬೇಕಿತ್ತು. ಈ ಟಗರು ಇಲ್ಲದಿದ್ದರೆ ಒಂದು ಕುರಿಯೂ ನೀರಿಗೆ ಕಾಲಿಡುವುದಿಲ್ಲ. ಹಿಂಡು ಕಾಯುವ ಅವಳ ಅಜ್ಜ, ಧರ್ಮಣ್ಣ ಮುತ್ಯಾ, ಜ್ವರ ಬಂದು ಮಲಗಿದ್ದ.

ಯಂಕಪ್ಪ ಬಿಡಲಿಲ್ಲ. ಮೋನಮ್ಮನೂ ಹಗ್ಗ ಬಿಡದೆ ಸರ್ಕಾರಿ ಬಂಗಲೆಯ ತನಕ ಹೋದಳು. ಅವಳ ಕಾಲುಗಳು ಮೊದಲೇ ಸೋತಿದ್ದವು. ಮಂತ್ರಿಗಳು ಬರುತ್ತಾರೆಂದು ಅವಳೂ ಶಾಲೆಯ ಉಳಿದ ಮಕ್ಕಳೂ ಬೆಳಗಿನಿಂದ ಬಿಸಿಲಲ್ಲಿ ಸಾಲಾಗಿ ನಿಂತಿದ್ದರು. ಮಂತ್ರಿಗಳ ಮೋಟಾರು ಮಾತ್ರ ಧೂಳೆಬ್ಬಿಸಿಕೊಂಡು ನಿಲ್ಲದೇ ಹೋಗಿತ್ತು.

“ಭಾರಿ ಶೂರರು ಅವರು!” ಎಂದು ಮಾಸ್ತರು ಹೇಳಿದ್ದರು. ನಿಜಾಮರ ಕುದುರೆ ದಳದಲ್ಲಿ ಸಮುದ್ರ ದಾಟಿ ದೊಡ್ಡ ಯುದ್ಧಕ್ಕೆ ಹೋಗಿದ್ದರಂತೆ. ಗುಂಡು ಹಾರುವಾಗ ಎಲ್ಲರಿಗಿಂತ ಮುಂದೆ ಕುದುರೆ ಓಡಿಸಿದ್ದರಂತೆ. ಪದಕ ಬಂತು, ದೊಡ್ಡ ಹುದ್ದೆ ಬಂತು, ಈಗ ಹೈದರಾಬಾದಿನಲ್ಲಿ ಮಂತ್ರಿ.

ಹುಲಿಮೀಸೆಯ ಆಳನ್ನು ನೋಡಬಹುದೆಂದು ಮೋನಮ್ಮ ಅಂದುಕೊಂಡಿದ್ದಳು. ಆದರೆ ಬಂಗಲೆಯ ಕಟ್ಟೆಯ ಮೇಲೆ ಒಬ್ಬ ಮುದುಕರು ಕುಳಿತಿದ್ದರು. ಒಂದು ಬೂಟು ಬಿಚ್ಚಿ, ಬಾತ ಪಾದವನ್ನು ಒತ್ತಿಕೊಳ್ಳುತ್ತಿದ್ದರು. ಸೆಖೆಯಲ್ಲೂ ಕೋಟು ತೆಗೆದಿರಲಿಲ್ಲ. ಕೋಟಿನ ಮೇಲೆ ಪದಕಗಳಿದ್ದವು. ಮೆಟ್ಟಿಲ ಕೆಳಗೆ ಅರ್ಜಿ ಹಿಡಿದ ಜನ ಕಾಯುತ್ತಿದ್ದರು.

“ಏನ್ ಬೇಟಿ, ನಿಂದೇನ್ ಅರ್ಜಿ?” ಎಂದರು. ಬೀದರ ಕಡೆ ಬೆಳೆದವರು, ಅವರಿಗೆ ಕನ್ನಡ ಬರುತ್ತಿತ್ತು.

“ಅರ್ಜಿ ಇಲ್ರಿ. ಟಗರು ಅದರಿ. ಇದನ್ನ ಕೊಯ್ಯಬ್ಯಾಡ್ರಿ.”

ಯಂಕಪ್ಪನ ಮುಖ ಸಣ್ಣದಾಯಿತು. ಮಂತ್ರಿಗಳು ಟಗರನ್ನೇ ನೋಡಿದರು.

“ಕೊರಳಾಗ ಗಂಟಿ ಯಾಕ?”

“ಇದು ಮುಂದ ನಡೀತದ್ರಿ. ಹಿಂದಿನವಕ್ಕ ಸಪ್ಪಳ ಕೇಳ್ಬೇಕು. ಇದು ನೀರಿಗಿಳಿದ್ರ ಅವೂ ಇಳೀತಾವ.”

“ನೀರು ಆಳ ಇದ್ರ?”

ಈ ಪ್ರಶ್ನೆಯನ್ನು ಅವಳನ್ನು ಯಾರೂ ಕೇಳಿರಲಿಲ್ಲ. ಸ್ವಲ್ಪ ಯೋಚಿಸಿದಳು. “ಆಗೂ ಇಳೀತಾವ್ರಿ. ಪಾಪ, ಅವಕ್ಕೇನ್ ಗೊತ್ತು?”

ಮಂತ್ರಿಗಳ ಕೈ ತಾನಾಗಿ ಪದಕಗಳ ಮೇಲೆ ಹೋಯಿತು. “ನನ್ನ ಹಿಂದ ಬಂದ ಹುಡುಗ್ರೂ ಹಂಗೇ ಬಂದ್ರು” ಎಂದರು ಮೆಲ್ಲಗೆ. “ಯಾರೂ ಹೊಳ್ಳಿ ಬರಲಿಲ್ಲ.”

ಮೋನಮ್ಮ ಟಗರಿನ ಕಿವಿ ಸವರುತ್ತ ನಿಂತಳು.

“ದಿನಾ ಮುಂದ ನಡದು ಇದಕ್ಕ ಸಾಕಾಗೂದಿಲ್ಲೇನು?” ಎಂದು ಮಂತ್ರಿಗಳು ಕೇಳಿದರು.

“ಸಾಕಾಗ್ತದ್ರಿ. ಅದಕ್ಕೇ ಹೊತ್ತು ಮುಳುಗಿದ ಮ್ಯಾಲ ಮುತ್ಯಾ ಗಂಟಿ ನಾಲಿಗಿಗೆ ಉಣ್ಣೆ ಸುತ್ತತಾನ. ಸಪ್ಪಳ ನಿಂತ್ರನ ಇದು ಮಲಗೂದು.”

ಮಂತ್ರಿಗಳು ಚಪರಾಸಿಯ ಕಡೆ ತಿರುಗಿದರು. “ಯಂಕಪ್ಪಾ, ಹಗ್ಗ ಬಿಡು. ಬ್ಯಾರೆ ಕುರೀನೂ ಬ್ಯಾಡ. ನನಗ ರೊಟ್ಟಿ, ಬ್ಯಾಳಿ ಸಾಕು.”

ಮೋನಮ್ಮ ಕೈ ಮುಗಿದು ಟಗರನ್ನು ಹೊಡೆದುಕೊಂಡು ಹೊರಟಳು. ಗೇಟಿನ ಹತ್ತಿರ ತಿರುಗಿ ನೋಡಿದಳು. ಮಂತ್ರಿಗಳು ಕುಳಿತಲ್ಲೇ ಕಣ್ಣು ಮುಚ್ಚಿದ್ದರು. ತಲೆ ಒಂದು ಕಡೆ ವಾಲಿತ್ತು.

“ಹುಜೂರ್!” ಎಂದು ಮೆಟ್ಟಿಲ ಕೆಳಗಿನಿಂದ ಯಾರೋ ಕೂಗಿದರು.

ಅವರು ಬೆಚ್ಚಿ ನೆಟ್ಟಗೆ ಕುಳಿತರು. ಕೋಟಿನ ಮೇಲಿನ ಪದಕಗಳು ಕಿಣಿಕಿಣಿ ಎಂದವು.

ಮನೆಗೆ ಬಂದವಳೇ ಮೋನಮ್ಮ ಒಂದು ಹಿಡಿ ಉಣ್ಣೆ ತಂದು ಟಗರಿನ ಮುಂದೆ ಕುಳಿತಳು. ಕಂಬಳಿಯೊಳಗಿಂದ ಮುತ್ಯಾ ತಲೆ ಎತ್ತಿದ.

“ಇನ್ನೂ ಹೊತ್ತು ಮುಳುಗಿಲ್ಲ. ಈಗ್ಲೇ ಯಾಕವ್ವಾ?”

“ದಣದದ ಮುತ್ಯಾ” ಎಂದಳು ಮೋನಮ್ಮ. ಗಂಟೆಯ ನಾಲಗೆಗೆ ಮೆತ್ತಗೆ ಉಣ್ಣೆ ಸುತ್ತಿದಳು. “ಇದಕ್ಕಾದ್ರೂ ಸುತ್ತಾಕ ನಾವಿದ್ದೀವಿ.”