ಉಗುರು ಸ್ವಚ್ಛವಿದ್ದ ಭಾನುವಾರಗಳು

ಓವರ್‌ಟೈಮ್ ಮುಗಿಸಿ ಭಾನುವಾರ ಸಂಜೆ ಬಂದವನ ಉಗುರು ಇಷ್ಟು ಸ್ವಚ್ಛವಿರುತ್ತದೆಯೇ? ಶಹಾಬಾದದಲ್ಲಿ ಕಲ್ಲು ಪಾಲಿಶ್ ಮಾಡುವವರ ಕೈ ಹೇಗಿರುತ್ತದೆಂದು ವಾಡಿಯಲ್ಲಿ ಖಾನಾವಳಿ ನಡೆಸುವ ರಾಜೇಶ್ವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಎಷ್ಟು ಸಾಬೂನು ಹಚ್ಚಿದರೂ ಉಗುರಿನ ಸಂದಿಯಲ್ಲಿ ಬೂದುಬಣ್ಣದ ಕೆಸರು ಕೂತೇ ಇರುತ್ತದೆ.

“ಯಾರಿಗಾಗಿ ಇಷ್ಟು ತಿಕ್ಕಿ ತೊಳಕೊಂಡೀರಿ?” ಎಂದಳು, ನೀರಿನ ಲೋಟ ಕೊಡುತ್ತ.

ಸಂಗಮೇಶ್ವರ ಕೈ ಹಿಂದಕ್ಕೆಳೆದುಕೊಂಡ. “ನಿನಗಾಗೇ, ರಾಜಿ.”

ಅವನ ನಗು ಚೆಂದ. ಆದರೆ ನಗುವಾಗ ಕಣ್ಣು ತಪ್ಪಿಸಿದ. ಬೆಳ್ಳಗಿದ್ದುದೆಲ್ಲ ಹಾಲಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದರೇ? ಅವರಿಬ್ಬರ ಮದುವೆಗೆ ಉಳಿದಿದ್ದು ಇಪ್ಪತ್ತೇ ದಿನ.

ಹತ್ತನೇ ಕ್ಲಾಸಿನಲ್ಲಿ ತಾಲೂಕಿಗೇ ಫಸ್ಟ್ ಬಂದವನು ಅವನು. ಓದದೆಯೇ ಎಲ್ಲ ಬರುತ್ತಿತ್ತು. ಇಂಜಿನಿಯರಿಂಗ್‌ನಲ್ಲಿ ಮೊದಲ ಸಲ ಒಂದು ವಿಷಯ ಫೇಲಾದದ್ದೇ ತಡ, ಗಂಟುಮೂಟೆ ಕಟ್ಟಿಕೊಂಡು ಬಂದುಬಿಟ್ಟ. ಆಮೇಲೆ ಮೂರು ನೌಕರಿ ಹಿಡಿದ. ಕಷ್ಟ ಅನಿಸಿದ ದಿನವೇ ಬಿಟ್ಟು, ಕಡೆಗೆ ಶಹಾಬಾದದ ಕಲ್ಲು ಪಾಲಿಶ್ ಕೆಲಸಕ್ಕೆ ಬಂದಿದ್ದ. “ಅಂವ ಬಿಡೂದ್ರಾಗೂ ಫಸ್ಟ್,” ಎಂದು ಜನ ಆಡಿಕೊಂಡರು. ಈಗ ತನ್ನ ಸರದಿಯೇನೋ ಎಂದು ರಾಜೇಶ್ವರಿಗೆ ಭಯವಾಯಿತು.

ಮುಂದಿನ ಭಾನುವಾರ ಅವನು ಶಹಾಬಾದದ ಕಡೆ ಹೋಗಲೇ ಇಲ್ಲ. ಚಿತ್ತಾಪುರದ ರೈಲುಗಾಡಿ ಹತ್ತಿದ. ತಲೆಮೇಲೆ ಸೆರಗು ಹೊದ್ದು ಅವಳೂ ಹಿಂದಿನ ಡಬ್ಬಿ ಹತ್ತಿದಳು.

ಚಿತ್ತಾಪುರದ ಓಣಿಯೊಂದರಲ್ಲಿ ಅವನು ಒಂದು ಮನೆ ಹೊಕ್ಕ. ಒಳಗಿನಿಂದ ಬಳೆ ಸದ್ದು, ಹೆಣ್ಣಿನ ನಗು. ಹಾಳಾದವನು! ನಿಶ್ಚಯದ ಉಂಗುರ ಬೆರಳಿನಿಂದ ಕಿತ್ತು, ಮುಷ್ಟಿಯಲ್ಲಿ ಹಿಡಿದು, ರಾಜೇಶ್ವರಿ ಬಾಗಿಲು ದೂಡಿದಳು.

ಒಲೆಯ ಮುಂದೆ ರೊಟ್ಟಿ ಮಾಡಿ ಮಾರುವ ಮುದುಕಿ ರತ್ನಾಬಾಯಿ. ಎದುರಿಗೆ, ಮೊಣಕೈತನಕ ಜೋಳದ ಹಿಟ್ಟಾಗಿ ಕೂತ ಸಂಗಮೇಶ್ವರ. ಪಕ್ಕದ ಬುಟ್ಟಿಯಲ್ಲಿ ಹರಕು ರೊಟ್ಟಿಗಳು.

“ಇದೇನ್ರಿ ನಿಮ್ಮ ಓವರ್‌ಟೈಮು?”

ಅವನು ಹಿಟ್ಟಿನ ಕೈ ಬೆನ್ನ ಹಿಂದೆ ಮಾಡಿದ. ರತ್ನಾಬಾಯಿಯೇ ನಕ್ಕಳು. “ಎಂಟು ವಾರ ಆತವ್ವ. ಹಿಟ್ಟು ನಾದಿ ನಾದಿ ಉಗುರಿನ ಕೆಸರು ಹೋತು, ರೊಟ್ಟಿ ಮಾತ್ರ ಒಂದೂ ದುಂಡಗ ಬಂದಿಲ್ಲ. ಆದ್ರ ಒಂದು ವಾರಾನೂ ತಪ್ಪಿಸಿಲ್ಲ ನೋಡು.”

ಬರದ ಕೆಲಸವನ್ನು ಎಂಟು ವಾರ! ಇವನೇ?

“ಲಗ್ನ ಆದ ಮ್ಯಾಲ ಖಾನಾವಳ್ಯಾಗ ಕೈ ಹಚ್ತೀನಿ ಅಂದಾಗ ನೀ ನಕ್ಕಿ,” ಎಂದ ಸಂಗಮೇಶ್ವರ, ತಲೆ ತಗ್ಗಿಸಿ. “ಫಸ್ಟ್ ಬಂದವರಿಗಿ ರೊಟ್ಟಿ ಬರ್ತದೇನ್ರಿ ಅಂದಿ. ಸಣ್ಣಂವ ಇದ್ದಾಗಿಂದ ಎಲ್ಲಾರೂ ನಾ ಗೆದ್ದಿದ್ದಷ್ಟೇ ನೋಡ್ಯಾರ. ಬರಲಾರದ್ದು ನಿನ್ನ ಮುಂದ ಮಾಡ್ಲಿಕ್ಕಿ ಭಾಳ ನಾಚಿಕಿ, ರಾಜಿ.”

“ನನ್ನೂ ಬಿಟ್ಟು ಹೋಗ್ತೀರಿ ಅಂದ್ಕೊಂಡಿದ್ದೆ.” ಅವಳು ಮುಷ್ಟಿ ಬಿಚ್ಚಿ ಉಂಗುರ ತೋರಿಸಿದಳು. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. “ಈಗ ನನ್ನ ಮುಂದ ಒಂದು ರೊಟ್ಟಿ ಬಡೀರಿ, ನೋಡೋಣ.”

ತಾನೇ ಪಾಲಿಶ್ ಮಾಡಿ ತಂದ ಚಪ್ಪಟೆ ಫರಸಿಕಲ್ಲಿನ ಮೇಲೆ ಅವನು ರೊಟ್ಟಿ ಬಡಿದ. ನಡುವೆ ಹರಿಯಿತು. ಮುಖ ಕೆಂಪಾಗಿ ಅರ್ಧ ಎದ್ದೇಬಿಟ್ಟ. ರಾಜೇಶ್ವರಿ ಉಂಗುರವನ್ನು ಮತ್ತೆ ಮುಷ್ಟಿಯಲ್ಲಿ ಮುಚ್ಚಿದಳು. ಹೀಗೆಯೇ ಅಲ್ಲವೇ ಅವನು ಎಲ್ಲವನ್ನೂ ಬಿಟ್ಟು ಎದ್ದದ್ದು!

ಅವನು ಬಾಗಿಲು ನೋಡಿದ. ಅವಳನ್ನು ನೋಡಿದ. ಮತ್ತೆ ಕೂತು ಇನ್ನೊಂದು ಉಂಡೆ ತೆಗೆದುಕೊಂಡ.

ಅವಳು ಉಂಗುರ ಹಾಕಿಕೊಂಡು ಅವನ ಪಕ್ಕಕ್ಕೇ ಕೂತಳು. ಬುಟ್ಟಿಯಿಂದ ಹರಕು ರೊಟ್ಟಿಯ ಚೂರು ಮುರಿದು ಬಾಯಿಗಿಟ್ಟುಕೊಂಡಳು.

“ಸಾವಕಾಶ ಬಡೀರಿ,” ಎಂದಳು. “ನಾ ಎಲ್ಲೂ ಹೋಗಂಗಿಲ್ಲ.”